ಯಾವ ಕಾಂಬಿನೇಷನ್ ತಗೊಳ್ಳಲಣ್ಣ?

ನಮ್ಮ ಕೇರಿಯಲ್ಲಿ ಯಾರೂ ಬಾಯಿಬಿಟ್ಟು ನಗುವುದಿಲ್ಲ. ನಗು ಬರುವುದಿಲ್ಲ ಅಂತಲ್ಲ. ಬಂದಾಗ ಗಂಡಸರು ಟವೆಲ್ಲಿನ ತುದಿಯನ್ನೂ ಹೆಂಗಸರು ಸೆರಗನ್ನೂ ಬಾಯಿಗೆ ಅಡ್ಡ ಹಿಡಿಯುತ್ತಾರೆ. ಓದಲು ತುಮಕೂರಿಗೆ ಹೋಗುವ ತನಕ ನಗುವುದು ಅಂದರೆ ಹೀಗೇ ಅಂದುಕೊಂಡಿದ್ದೆ. ಅಲ್ಲಿ ಹಾಸ್ಟೆಲಿನಲ್ಲಿ ಮಲೆನಾಡಿನ ಕಡೆಯ ಹುಡುಗನೊಬ್ಬ "ದಿನಕ್ಕೆ ಎಷ್ಟು ಕಟ್ಟು ಬೀಡಿ ಸೇದ್ತೀಯೋ?" ಅಂತ ಕೇಳಿದಾಗಲೇ ನನ್ನ ಹಲ್ಲು ಬೇರೆಯವರ ಹಲ್ಲಿನ ಹಾಗಿಲ್ಲ ಅಂತ ಗೊತ್ತಾಗಿದ್ದು. ನಾನು ಬೀಡಿ ಮುಟ್ಟಿದವನಲ್ಲ. ಊರ ನೀರು ಕುಡಿದವನು, ಅಷ್ಟೆ.

ನಮ್ಮದು ಪಾವಗಡ ಸೀಮೆ. ಸುತ್ತ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರು. ಕೆರೆ ಬಾವಿ ಬತ್ತಿದ ಮೇಲೆ ಬೋರು ಕೊರೆದರು. ನೂರಡಿಯಿಂದ ಶುರುವಾದದ್ದು ಸಾವಿರ ಅಡಿಗೆ ಮುಟ್ಟಿತು. ಆಳಕ್ಕೆ ಹೋದರೆ ಬಂಡೆಯ ಸಂದಿನಲ್ಲಿ ಕಾಲದಿಂದ ನಿಂತ ನೀರು, ಆ ನೀರಿನಲ್ಲಿ ಕರಗಿದ ಫ್ಲೋರೈಡು. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಮಗುವಿನ ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಮೊದಲ ಏಳೆಂಟು ವರ್ಷ ಅಂಥ ನೀರು ಕುಡಿದರೆ ಹಲ್ಲಿನ ಮೇಲಿನ ಎನಾಮಲ್ ಸರಿಯಾಗಿ ಕಟ್ಟುವುದಿಲ್ಲ. ಸುಣ್ಣದಂಥ ಚುಕ್ಕೆ, ಆಮೇಲೆ ಹಳದಿ, ಆಮೇಲೆ ಕಂದು. ಇದ್ದಿಲಿನಲ್ಲಿ ಉಜ್ಜಿದರೂ ಹೋಗುವುದಿಲ್ಲ, ಪೇಸ್ಟಿನಲ್ಲಿ ಉಜ್ಜಿದರೂ ಹೋಗುವುದಿಲ್ಲ. ಇನ್ನೂ ವರ್ಷಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ. ನಮ್ಮಜ್ಜಿ ಕೊನೆಯ ಆರು ವರ್ಷ ನೆಲ ನೋಡಿಕೊಂಡೇ ನಡೆದಳು. ಕೂಲಿ ಮಾಡೀ ಮಾಡೀ ಸೊಂಟ ಬಾಗಿತು ಅಂದರು ಊರಿನವರು. ಅದೂ ಸುಳ್ಳಲ್ಲ.

ಫ್ಲೋರೈಡಿಗೆ ಜಾತಿಯಿಲ್ಲ. ಊರಿನ ಗೌಡರ ಮಕ್ಕಳ ಹಲ್ಲೂ ಕಂದಾದವು. ಆದರೆ ಗೌಡರ ಮನೆಗೆ ಕ್ಯಾನಿನ ನೀರು ನಮಗಿಂತ ಹತ್ತು ವರ್ಷ ಮೊದಲು ಬಂತು. ಅವರ ಮಕ್ಕಳು ಬೆಂಗಳೂರಿನ ನೆಂಟರ ಮನೆಯಲ್ಲಿ ಬೆಳೆದವು. ಹಾಲು ಮೊಸರು ಉಂಡ ಮೈಗೂ ಗಂಜಿ ಕುಡಿದ ಮೈಗೂ ಇದೇ ನೀರು ಒಂದೇ ಥರ ತಾಗುವುದಿಲ್ಲ. ಸುಣ್ಣದ ಅಂಶ ಕಮ್ಮಿ ಇರುವ ಮೈಗೆ ಫ್ಲೋರೈಡಿನ ಪೆಟ್ಟು ಜೋರು. ಜಾತಿಯಿಲ್ಲದ ವಿಷಕ್ಕೂ ನಮ್ಮ ದೇಶದಲ್ಲಿ ಜಾತಿ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ನನ್ನ ಕಿರಿಯ ತಂಗಿ. 2025ರ ಮೇ ತಿಂಗಳಲ್ಲಿ ಅವಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. 625ಕ್ಕೆ 571. ನಮ್ಮ ಕೇರಿಗೆ ಅಷ್ಟು ಅಂಕ ಯಾವತ್ತೂ ಬಂದಿರಲಿಲ್ಲ. ಅಪ್ಪ ಅಂಗಡಿಯಿಂದ ಕಾಲು ಕೆ.ಜಿ. ಮೈಸೂರುಪಾಕು ತಂದ. ರಾತ್ರಿ ಉಂಡು ಮಲಗುವ ಹೊತ್ತಿಗೆ ಅವಳು ಬಂದು ನನ್ನ ಪಕ್ಕ ಕುಂತು ಕೇಳಿದಳು: "ನಾನು ಹಲ್ಲಿನ ಡಾಕ್ಟ್ರಾಗಬೇಕು. ಯಾವ ಕಾಂಬಿನೇಷನ್ ತಗೊಳ್ಳಲಣ್ಣ?"

ಮನೆಗೆ ನಾನೊಬ್ಬನೇ ಪದವೀಧರ. ನನ್ನ ಹಿಂದೆ ಯಾರೂ ಇಲ್ಲ, ಕೇಳಲಿಕ್ಕೆ. ಅಪ್ಪ ಮೂರನೇ ಕ್ಲಾಸು, ಅಮ್ಮನಿಗೆ ಹೆಬ್ಬೆಟ್ಟು. ಹಾಗಾಗಿ ಗೊತ್ತಿರುವುದು, ಗೊತ್ತಿಲ್ಲದಿರುವುದು ಎಲ್ಲಕ್ಕೂ ನಾನೇ ಉತ್ತರ ಹೇಳಬೇಕು. ಪದ್ಯ ಬರೆಯುವವನು, ಬಿ.ಎ. ಮಾಡಿದವನು, ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಹಲ್ಲಿನ ಡಾಕ್ಟರಾಗುವ ದಾರಿ ನನಗೇನು ಗೊತ್ತು? "ನಾಳೆ ಹೇಳ್ತೀನಿ ಮಲಗವ್ವ" ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅವಳಿಗೆ ಈ ಆಸೆ ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತು. ಎರಡು ಕಡೆಯಿಂದ ಬಂತು.

ಒಂದು, ನಡುವಿನ ತಂಗಿಯನ್ನು ನೋಡಲು ಬಂದ ಗಂಡಿನವರು. ಎಲ್ಲ ಮಾತೂ ಆಯಿತು. ಹುಡುಗಿ ಕಾಫಿ ತಂದಿಟ್ಟಳು. ಗಂಡಿನ ಸೋದರತ್ತೆ "ಒಂದ್ಸಲ ನಗಮ್ಮ, ನೋಡಾನ" ಅಂದಳು. ನಮ್ಮ ಹುಡುಗಿ ನಗಲಿಲ್ಲ, ತಲೆ ಬಗ್ಗಿಸಿದಳು. ಅವರೂ ನಮ್ಮವರೇ, ಕೂಲಿಯವರೇ. ಆದರೆ ಅವರದು ನದಿ ನೀರಿನ ಊರು. ಹೋಗಿ ಹೇಳಿಕಳಿಸುತ್ತೀವಿ ಅಂದವರು ಇವತ್ತಿಗೂ ಹೇಳಿಕಳಿಸಿಲ್ಲ. ಅವತ್ತು ಕಿರಿಯಳು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

ಇನ್ನೊಂದು, ಅಮ್ಮನ ದವಡೆ ಹಲ್ಲು. ಮೂರು ದಿನ ನೋವಿನಲ್ಲಿ ಒದ್ದಾಡಿ, ಲವಂಗ ಇಟ್ಟು, ಹೊಗೆಸೊಪ್ಪು ಇಟ್ಟು, ಕೊನೆಗೆ ಪೇಟೆಯ ಡಾಕ್ಟರ ಹತ್ತಿರ ಹೋದೆವು. ಕಿರಿಯಳಿಗೆ ಆಗ ಎಂಟು ವರ್ಷ, ಅಮ್ಮನ ಸೆರಗು ಹಿಡಿದು ಬಂದಿದ್ದಳು. ನಮಗಿಂತ ಮುಂಚೆ ಬಂದಿದ್ದ ಹೆಂಗಸನ್ನು ಕುರ್ಚಿಯಲ್ಲಿ ಒರಗಿಸಿ, ಬಾಯೊಳಗೆ ಕೈ ಹಾಕಿ ನೋಡಿದ ಡಾಕ್ಟರು ಅಮ್ಮನನ್ನು "ಯಾವೂರು? ಊರೊಳಗಾ, ಕೇರಿಯಾ?" ಅಂತ ಕೇಳಿದರು. ಅಮ್ಮ ಹೇಳಿದಳು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಲಿಲ್ಲ. ನಿಂತಲ್ಲೇ ಬಾಯಿ ತೆಗೆಸಿ ಒಂದು ಮಾರು ದೂರದಿಂದ ಟಾರ್ಚು ಬಿಟ್ಟು ನೋಡಿದರು. ಮಾತ್ರೆ ಬರೆದುಕೊಟ್ಟರು. ಕೈಗೆ ರಬ್ಬರಿನ ಗವಸು ಇತ್ತು. ಆದರೂ ಮುಟ್ಟಲಿಲ್ಲ. ಹಲ್ಲು ಮತ್ತೆ ಹತ್ತು ದಿನ ನೋಯ್ದು ತಾನೇ ಸತ್ತುಹೋಯಿತು.

ಹೋಟೆಲಿನಲ್ಲಿ ಬೇರೆ ಲೋಟ, ಬೊಗಸೆಗೆ ಮೇಲಿಂದ ಸುರಿದ ನೀರು, ಇವೆಲ್ಲ ಅಪ್ಪ ಅಮ್ಮಂದಿರ ಕಾಲದ ಕತೆ ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಅಸ್ಪೃಶ್ಯತೆ ಎಲ್ಲ ಬಿಟ್ಟು ಬಾಯಿಯ ಸುತ್ತಲೇ ಏಕೆ ಇಷ್ಟು ಕಾವಲು ಕಾಯುತ್ತದೆ ಅಂತ ನನಗೆ ಅವತ್ತು ಹೊಳೆಯಿತು. ಎಂಜಲು, ಉಸಿರು, ನೀರು, ಅನ್ನ, ಮಾತು ಎಲ್ಲ ಅಲ್ಲೇ ಇರುವುದು. ವಾಪಸು ಬರುವಾಗ ಬಸ್ಸಿನಲ್ಲಿ ಕಿರಿಯಳು ಕೇಳಿದಳು, "ಅಣ್ಣ, ಹಲ್ಲಿನ ಡಾಕ್ಟ್ರು ಎಲ್ಲರ ಬಾಯಿಗೂ ಕೈ ಹಾಕಲೇಬೇಕಲ್ವಾ?" "ಹೂಂ, ಹಾಕಬೇಕು" ಅಂದೆ. "ನಾನಾದ್ರೆ ಹಾಕ್ತೀನಿ. ಅವರ ಬಾಯಿಗೂ ಹಾಕ್ತೀನಿ, ನಮ್ಮೋರ ಬಾಯಿಗೂ ಹಾಕ್ತೀನಿ" ಅಂದಳು.

ಎಂಟು ವರ್ಷದ ಹುಡುಗಿಯ ಮಾತು ಅಂತ ಮರೆತಿದ್ದೆ. ಅವಳು ಮರೆತಿರಲಿಲ್ಲ.

*

ಕಾಂಬಿನೇಷನ್ ಅನ್ನುವ ಮಾತು ನಾನು ಮೊದಲು ಕೇಳಿದ್ದು 2014ರಲ್ಲಿ. ಪಿಯು ಕಾಲೇಜಿನ ಕಿಟಕಿಯಲ್ಲಿ ಅರ್ಜಿ ಕೊಡುವ ಗುಮಾಸ್ತ "ಯಾವ ಕಾಂಬಿನೇಷನ್ನು?" ಅಂದ. ನಾನು "ನೀವೇ ಹೇಳಿ ಸಾರ್" ಅಂದೆ. ಪಕ್ಕದಲ್ಲಿ ನಿಂತಿದ್ದ ಅಧ್ಯಾಪಕರೊಬ್ಬರು "ನಿಮಗೆಲ್ಲ ಆರ್ಟ್ಸ್ ಸಾಕಪ್ಪ. ಹೆಂಗೂ ರಿಸರ್ವೇಶನ್ ಐತಲ್ಲ" ಅಂದರು. ಆ ಒಂದು ಮಾತಿಗೆ ನಾನು ಪಿಸಿಎಂಬಿ ತಗೊಂಡೆ. ಭೌತಶಾಸ್ತ್ರದ ಮೇಲಿನ ಪ್ರೀತಿಯಿಂದಲ್ಲ, ರೋಷದಿಂದ. ರೋಷದಿಂದ ಅರ್ಜಿ ತುಂಬಬಹುದು. ಎರಡು ವರ್ಷ ಓದುವುದಕ್ಕೆ ಅದು ಸಾಲುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಹತ್ತನೇ ಕ್ಲಾಸಿನ ತನಕ ನನಗೆ ಜೀವಕೋಶ ಗೊತ್ತಿತ್ತು, ದ್ಯುತಿಸಂಶ್ಲೇಷಣೆ ಗೊತ್ತಿತ್ತು, ವೇಗೋತ್ಕರ್ಷ ಗೊತ್ತಿತ್ತು. ಒಂದೇ ಬೇಸಿಗೆ ರಜೆಯಲ್ಲಿ ಅವೆಲ್ಲ ಸೆಲ್ಲು, ಫೋಟೋಸಿಂಥೆಸಿಸ್ಸು, ಆಕ್ಸಿಲರೇಷನ್ನು ಆಗಿ ಕೂತಿದ್ದವು. ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ನಗೆಚಾಟಿಕೆಯೂ ಇಂಗ್ಲಿಷಿನಲ್ಲಿ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗಾಯಿತು. ಪೇಟೆಯ ಹುಡುಗರು ಸಂಜೆ ಟ್ಯೂಷನ್ನಿಗೆ ಹೋದರು. ನಾನು ಹಾಸ್ಟೆಲಿಗೆ ಹೋದೆ. 2016ರಲ್ಲಿ ಫಿಸಿಕ್ಸ್ ಹೋಯಿತು. ಆ ವರ್ಷ ರಾಜ್ಯದ ಸೀಟಿಗೆ ಇನ್ನೂ ಸಿಇಟಿಯೇ ಇತ್ತು, ಮಾರನೇ ವರ್ಷದಿಂದ ನೀಟ್ ಬಂತು. ನನಗೆ ಎರಡೂ ಒಂದೇ ಆಗಿದ್ದವು. ಮರುಪರೀಕ್ಷೆಯಲ್ಲಿ ಪಾಸಾಗಿ ಬಿ.ಎ.ಗೆ ಸೇರಿದೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಸೋತು ಬಂದ ಮನೆಯಲ್ಲಿ ನನಗೆ ಅನ್ನ ಸಿಕ್ಕಿತು. ಪದ್ಯ ಸಿಕ್ಕಿತು, ಗೆಳೆಯರು ಸಿಕ್ಕರು, ಚಳವಳಿ ಸಿಕ್ಕಿತು. ಆದರೂ ಆರ್ಟ್ಸ್ ಸಾಕು ಅಂದ ಆ ಮನುಷ್ಯನ ಮಾತು ನಿಜವಾಯಿತಲ್ಲ ಅನ್ನುವ ಸಂಕಟ ಹೋಗಿಲ್ಲ.

ಯಾವ ವಿಷಯ ಓದಬೇಕು ಅನ್ನುವುದು ಈ ದೇಶದಲ್ಲಿ ಯಾವತ್ತೂ ಬರೀ ಅಭಿರುಚಿಯ ಪ್ರಶ್ನೆ ಆಗಿರಲಿಲ್ಲ. ಬಾಬಾಸಾಹೇಬರು ಮುಂಬಯಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಓದಬೇಕೆಂದಿದ್ದರು. ಅಸ್ಪೃಶ್ಯರ ಹುಡುಗ ಅಂತ ಕೊಡಲಿಲ್ಲ. ಪರ್ಶಿಯನ್ ತಗೊಂಡರು. ಸಂಸ್ಕೃತವನ್ನು ಆಮೇಲೆ ತಮ್ಮ ಪಾಡಿಗೆ ತಾವು ಕಲಿತರು. ಈಗ ಯಾರೂ ಹಾಗೆ ಬಾಯಿಬಿಟ್ಟು ಕೊಡುವುದಿಲ್ಲ ಅನ್ನುವುದಿಲ್ಲ. "ನಿನಗೆ ಕಷ್ಟ ಆಗುತ್ತೆ ಮರಿ" ಅನ್ನುತ್ತಾರೆ. ಅದು ಪ್ರೀತಿಯ ಮಾತಿನ ಹಾಗೇ ಕೇಳುತ್ತದೆ.

*

ಹಾಸ್ಟೆಲಿನ ನನ್ನ ಗೆಳೆಯನೊಬ್ಬ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡುತ್ತಿದ್ದಾನೆ. ಜೊತೆಗೆ ಪದವಿಯ ಹುಡುಗರಿಗೆ ರಸಾಯನಶಾಸ್ತ್ರದ ಪ್ರಯೋಗ ಹೇಳಿಕೊಡುತ್ತಾನೆ. ಮಾರನೇ ದಿನ ಅವನಿಗೆ ಫೋನು ಮಾಡಿದೆ. ತಂಗಿಯ ಪ್ರಶ್ನೆ ಹೇಳಿದ ಕೂಡಲೇ ನಕ್ಕ.

"ಇಲ್ಲಿ ನನ್ನ ಲ್ಯಾಬಲ್ಲಿ ಒಬ್ಬಳು ಇಂಗ್ಲಿಷ್ ಸಾಹಿತ್ಯದೋಳು, ಇನ್ನೊಬ್ಬ ಶಿಲ್ಪ ಕೆತ್ತೋದು ಕಲಿಯೋನು. ಇಬ್ಬರೂ ಮುಂದೆ ಹಲ್ಲಿನ ಡಾಕ್ಟ್ರಾಗ್ತಾರಂತೆ ಕಣೋ" ಅಂದ.

ನಾನು ನಂಬಲಿಲ್ಲ. ಅವನು ಬಿಡಿಸಿ ಹೇಳಿದ. ಅಲ್ಲಿ ಪಿಯುಸಿ ಮುಗಿಸಿದವರು ನೇರ ದಂತ ಕಾಲೇಜಿಗೆ ಹೋಗುವ ವಾಡಿಕೆಯಿಲ್ಲ. ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ. ಆಮೇಲೆ ನಾಲ್ಕು ವರ್ಷ ದಂತ ವೈದ್ಯ. ಪದವಿಯಲ್ಲಿ ಇಂಥದೇ ಮುಖ್ಯ ವಿಷಯ ಓದಿರಬೇಕು ಅಂತ ಕಾಲೇಜುಗಳು ಕೇಳುವುದಿಲ್ಲ. ಕೇಳುವುದು ಕೆಲವು ಪಾಠಗಳನ್ನು: ಜೀವಶಾಸ್ತ್ರ, ಸಾಮಾನ್ಯ ರಸಾಯನ, ಸಾವಯವ ರಸಾಯನ, ಭೌತಶಾಸ್ತ್ರ, ಇವೆಲ್ಲ ಪ್ರಯೋಗದ ಸಮೇತ. ಬಹಳ ಕಡೆ ಜೀವರಸಾಯನವೂ ಬೇಕು. ಇಷ್ಟು ಮುಗಿಸಿ, ಡ್ಯಾಟ್ ಅನ್ನುವ ಪರೀಕ್ಷೆ ಬರೆದು, ಮುಖ್ಯ ವಿಷಯ ಚರಿತ್ರೆಯೋ ಸಂಗೀತವೋ ಸಾಹಿತ್ಯವೋ ಆಗಿದ್ದರೂ ಅರ್ಜಿ ಹಾಕಬಹುದು. ಆ ಪರೀಕ್ಷೆಯಲ್ಲಿ ವಿಜ್ಞಾನ, ಲೆಕ್ಕ, ಓದಿ ಅರ್ಥಮಾಡಿಕೊಳ್ಳುವುದು ಇವುಗಳ ಜೊತೆಗೆ ಆಕಾರ, ಕೋನ ಗುರುತಿಸುವ ಒಂದು ಭಾಗವೂ ಇದೆ. ಹಲ್ಲು ಕೆತ್ತುವವನಿಗೆ ಶಿಲ್ಪಿಯ ಕಣ್ಣು ಬೇಕಲ್ಲ. ಬಹಳ ಜನ ಜೀವಶಾಸ್ತ್ರವನ್ನೇ ಆರಿಸುತ್ತಾರೆ, ಬೇಕಾದ ಪಾಠಗಳೆಲ್ಲ ಅದರಲ್ಲೇ ಬರುತ್ತವೆ ಅಂತ. ಆದರೆ ತಿಳಿದವರು ಹುಡುಗರಿಗೆ ಹೇಳುವುದು ಎರಡೇ ಮಾತಂತೆ. ನಿನಗೆ ಪ್ರೀತಿ ಇರುವ, ಒಳ್ಳೆ ಅಂಕ ಬರುವ ವಿಷಯ ತಗೋ. ದಂತ ಕಾಲೇಜು ಸಿಗದೇ ಹೋದರೂ ಬದುಕಲಿಕ್ಕೆ ಆಗುವ ವಿಷಯ ತಗೋ.

ಕೇಳುತ್ತಾ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಅಲ್ಲಿ ಇಪ್ಪತ್ತು ಇಪ್ಪತ್ತೊಂದು ವರ್ಷದವರು ಯೋಚನೆ ಮಾಡಿ ತೀರ್ಮಾನ ಮಾಡುವುದನ್ನು ಇಲ್ಲಿ ಹದಿನೈದು ಹದಿನಾರರ ಮಗು ಒಂದು ಕಿಟಕಿಯ ಮುಂದೆ ನಿಂತು ಒಂದು ನಿಮಿಷದಲ್ಲಿ ಮಾಡಬೇಕು. ಇಲ್ಲಿ ಪದ್ಯ ಬರೆಯುವವನು ಆರ್ಟ್ಸ್ ಕೋಣೆಗೆ ಹೋದರೆ ಹಿಂದೆ ಬಾಗಿಲು ಮುಚ್ಚಿತು. ವಿಜ್ಞಾನದ ಕೋಣೆಗೆ ಹೋದವನು ಪದ್ಯ ಬಿಡಬೇಕು.

"ಸ್ವರ್ಗ ಅಂದ್ಕೋಬೇಡ" ಅಂದ ಗೆಳೆಯ. ಅಲ್ಲಿ ದಂತ ವೈದ್ಯ ಓದಲು ಸಾಲ ಮಾಡಿದವರು ಹೊರಗೆ ಬರುವ ಹೊತ್ತಿಗೆ ಸರಾಸರಿ ಮೂರು ಲಕ್ಷ ಡಾಲರಿನ ಹತ್ತಿರ ಹತ್ತಿರ ಸಾಲ ಹೊತ್ತಿರುತ್ತಾರೆ. ಅರ್ಜಿ ಹಾಕುವ ಮೊದಲು ಯಾರಾದರೂ ದಂತ ವೈದ್ಯರ ಪಕ್ಕ ನಿಂತು ಗಂಟೆಗಟ್ಟಲೆ ಕೆಲಸ ನೋಡಿ ಬಂದಿರಬೇಕು. ಚಿಕ್ಕಪ್ಪನೋ ಮಾವನೋ ವೈದ್ಯ ಆಗಿದ್ದರೆ ಅದು ಸಲೀಸು. ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದವರಿಗೆ ಯಾರ ಪಕ್ಕ ಹೋಗಿ ನಿಲ್ಲಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಅಲ್ಲಿನ ದಂತ ವೈದ್ಯರಲ್ಲಿ ಕಪ್ಪು ಜನ ಇವತ್ತಿಗೂ ನೂರಕ್ಕೆ ನಾಲ್ವರ ಆಸುಪಾಸು.

ಅವನೇ ರಾಬರ್ಟ್ ಟ್ಯಾನರ್ ಫ್ರೀಮನ್ ಕತೆ ಹೇಳಿದ್ದು. 1846ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಗುಲಾಮರಾಗಿದ್ದವರು. ಹುಡುಗ ಒಬ್ಬ ಬಿಳಿಯ ದಂತ ವೈದ್ಯನ ಹತ್ತಿರ ಕೆಲಸಕ್ಕಿದ್ದ. ನಿಮ್ಮ ಜನರ ಹಲ್ಲುನೋವು ನೋಡುವವರು ಯಾರೂ ಇಲ್ಲ, ನೀನೇ ಕಲಿ ಅಂತ ಆ ವೈದ್ಯನೇ ಹುರಿದುಂಬಿಸಿದ. ಎರಡು ಕಾಲೇಜು ಅವನ ಬಣ್ಣ ನೋಡಿ ವಾಪಸು ಕಳಿಸಿದವು. ಹಾರ್ವರ್ಡಿನಲ್ಲಿ ಆಗತಾನೇ ದಂತ ವೈದ್ಯ ಶಾಲೆ ಶುರುವಾಗಿತ್ತು. ಅಲ್ಲಿ ಸೇರಿ 1869ರಲ್ಲಿ, ಆ ಶಾಲೆಯ ಮೊದಲ ತಂಡದಲ್ಲೇ ಪಾಸಾದ. ಅಮೆರಿಕದಲ್ಲಿ ದಂತ ವೈದ್ಯದ ಪದವಿ ಪಡೆದ ಮೊದಲ ಕಪ್ಪು ಮನುಷ್ಯ. ಊರಿಗೆ ವಾಪಸು ಬಂದು ತನ್ನ ಜನರ ಹಲ್ಲು ನೋಡಿದ. 1873ರಲ್ಲಿ ತೀರಿಕೊಂಡ. ಇವತ್ತು ನನಗಿರುವಷ್ಟೇ ವಯಸ್ಸು. ಅವನ ಮೊಮ್ಮಗ ರಾಬರ್ಟ್ ವೀವರ್ 1966ರಲ್ಲಿ ಅಮೆರಿಕದ ಮಂತ್ರಿಮಂಡಲ ಸೇರಿದ ಮೊದಲ ಕಪ್ಪು ಮಂತ್ರಿ. ಒಬ್ಬ ಹೊಸ್ತಿಲು ದಾಟಿದರೆ ಅವನು ಸತ್ತರೂ ಹೊಸ್ತಿಲು ದಾಟಿದ್ದು ಉಳಿಯುತ್ತದೆ.

*

ಮೂರನೇ ದಿನ ತಂಗಿಯನ್ನು ಕೂರಿಸಿಕೊಂಡು ಪೇಪರು ಪೆನ್ನು ತಗೊಂಡೆ. ಗೊತ್ತಿದ್ದಷ್ಟು, ಕೇಳಿ ತಿಳಿದಷ್ಟು ಬರೆದೆ. ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಲಿ ಅಂತ ಇಲ್ಲೂ ಬರೆಯುತ್ತೇನೆ.

ನಮ್ಮಲ್ಲಿ ಬಿ.ಡಿ.ಎಸ್.ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷು ಇರಲೇಬೇಕು. ಆ ಮೂರೂ ವಿಜ್ಞಾನ ಸೇರಿ ಪರಿಶಿಷ್ಟರಿಗೆ ನೂರಕ್ಕೆ 40 ಬಂದರೆ ಅರ್ಹತೆ. ಅರ್ಹತೆ ಬೇರೆ, ಸೀಟು ಬೇರೆ. ಸೀಟು ಕೊಡುವುದು ನೀಟ್. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರ. ಉಳಿದ ಎರಡಕ್ಕೆ ತಲಾ 180. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುತ್ತಾರೆ. ಗಣಿತದ ಪತ್ರಿಕೆ ಇಲ್ಲ. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದ ಹುಡುಗಿ ಮೂರು ಗಂಟೆ ಕನ್ನಡದಲ್ಲಿ ಬರೆಯುವುದು ಹೇಗೆ? ಪರೀಕ್ಷೆಗೆ ಕನ್ನಡ ಕೊಟ್ಟವರು ಪಾಠಕ್ಕೆ ಕೊಡಲಿಲ್ಲ.

ಇದನ್ನು ಬರೆಯುವಾಗ ತಮಿಳುನಾಡಿನ ಅನಿತಾ ನೆನಪಾದಳು. ಕೂಲಿಕಾರನ ಮಗಳು, ದಲಿತ ಹುಡುಗಿ. ಹನ್ನೆರಡನೇ ತರಗತಿಯಲ್ಲಿ 1200ಕ್ಕೆ 1176 ತೆಗೆದವಳು. ನೀಟ್‌ನಲ್ಲಿ ಅಂಕ ಬರಲಿಲ್ಲ. ಸುಪ್ರೀಂ ಕೋರ್ಟಿನ ತನಕ ಹೋದಳು. 2017ರ ಸೆಪ್ಟೆಂಬರ್ 1ರಂದು ಜೀವ ಬಿಟ್ಟಳು. ನನ್ನ ತಂಗಿಯ ಕೈಯಲ್ಲಿದ್ದ ಅಂಕಪಟ್ಟಿ ನೋಡಿದೆ. 571. ಭಯವಾಯಿತು. ಈ ಭಯವನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟೆ: "ಸೀಟು ಸಿಗಬಹುದು, ಸಿಗದೇನೂ ಇರಬಹುದು. ಸಿಗದಿದ್ರೆ ಏನು ಓದ್ತೀಯ ಅನ್ನೋದನ್ನ ಈಗಲೇ ಯೋಚನೆ ಮಾಡು. ಸೋತಮೇಲೆ ಯೋಚನೆ ಮಾಡಬಾರದು. ನಾನು ಹಂಗೆ ಮಾಡಿ ಒಂದು ವರ್ಷ ಕತ್ತಲಲ್ಲಿದ್ದೆ."

"ನೀನು ಬಿ.ಎ.ಗೆ ಹೋಗಿದ್ದು ಸೋತಾ?" ಅಂತ ಕೇಳಿದಳು.

"ಹೋಗಿದ್ದು ಸೋತು. ಉಳಿದಿದ್ದು ಇಷ್ಟಪಟ್ಟು" ಅಂದೆ.

ಆಗ ಅವಳಿಗೆ ಫ್ರೆಡರಿಕ್ ಮೆಕೇ ಅನ್ನುವ ದಂತ ವೈದ್ಯನ ಕತೆ ಹೇಳಿದೆ. 1901ರಲ್ಲಿ ಆಗತಾನೇ ಓದು ಮುಗಿಸಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಹೋದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ನಮ್ಮ ಹಾಗೇ. ಯಾಕೆ ಅಂತ ಕೇಳಿದರೆ ಕೆಟ್ಟ ಹಾಲು ಅಂದರು, ಹಂದಿಮಾಂಸ ಜಾಸ್ತಿ ತಿಂದದ್ದು ಅಂದರು. ದಂತ ವೈದ್ಯದ ಪುಸ್ತಕದಲ್ಲಿ ಆ ರೋಗವೇ ಇರಲಿಲ್ಲ. ಆ ಕಾಲದ ದೊಡ್ಡ ದಂತ ವಿಜ್ಞಾನಿ ಜಿ.ವಿ. ಬ್ಲ್ಯಾಕ್ ಬಂದು ಅವನ ಜೊತೆ ಹುಡುಕಿದ, 1915ರಲ್ಲಿ ತೀರಿಕೊಂಡ. ಮೆಕೇ ಬಿಡಲಿಲ್ಲ. 1923ರಲ್ಲಿ ಐಡಾಹೋ ಪ್ರಾಂತ್ಯದ ಓಕ್ಲಿ ಎಂಬ ಊರಿಗೆ ಹೋದ. ಅಲ್ಲಿನ ತಾಯಂದಿರು ಹೇಳಿದರು: ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಹೊಸ ಪೈಪು ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತು. ಆ ನೀರು ಬಿಡಿ ಅಂದ ಮೆಕೇ. ಬಿಟ್ಟರು. ಆಮೇಲೆ ಬೆಳೆದ ಮಕ್ಕಳ ಹಲ್ಲು ಬೆಳ್ಳಗೆ ಬಂದವು. ಆದರೂ ನೀರಿನಲ್ಲಿ ಏನಿದೆ ಅಂತ ಅವನಿಗೆ ಗೊತ್ತಾಗಲಿಲ್ಲ. 1931ರಲ್ಲಿ ಅದನ್ನು ಕಂಡುಹಿಡಿದವನು ಚರ್ಚಿಲ್ ಅನ್ನುವ ಕೆಮಿಸ್ಟು, ಅಲ್ಯುಮಿನಿಯಂ ಕಂಪನಿಯೊಂದರ ನೌಕರ. ನೀರು ಪರೀಕ್ಷೆ ಮಾಡಿ ಫ್ಲೋರೈಡು ಅಂದ. ಒಂದು ಹಲ್ಲಿನ ರೋಗದ ಜಾಡು ಹಿಡಿಯಲು ಒಬ್ಬ ದಂತ ವೈದ್ಯ, ಒಂದೂರಿನ ತಾಯಂದಿರು, ಒಬ್ಬ ಕೆಮಿಸ್ಟು, ಮೂವತ್ತು ವರ್ಷ ಬೇಕಾಯಿತು.

ಗೆಳೆಯರೆ, ಇಲ್ಲಿ ಒಂದು ಮಾತು ಹೇಳಲೇಬೇಕು. 1931ರಲ್ಲಿ ಇದು ಪ್ರಪಂಚಕ್ಕೆ ಗೊತ್ತಾಯಿತು. 1937ರಲ್ಲಿ ನಮ್ಮ ಪಕ್ಕದ ನೆಲ್ಲೂರು ಸೀಮೆಯಲ್ಲಿ ಇದೇ ರೋಗ ಇರುವುದನ್ನು ವೈದ್ಯರು ಬರೆದಿಟ್ಟರು. ನಮ್ಮ ಕೇರಿಗೆ ಬೋರು ಕೊರೆದದ್ದು ಅದಾಗಿ ಎಷ್ಟೋ ದಶಕಗಳ ಮೇಲೆ. ಕೊರೆದವರು ಬೋರಿಗೆ ಪೂಜೆ ಮಾಡಿಸಿದರು, ತೆಂಗಿನಕಾಯಿ ಒಡೆದರು, ಫೋಟೋ ತೆಗೆಸಿಕೊಂಡರು. ಒಂದು ಬಾಟಲಿ ನೀರು ಪರೀಕ್ಷೆಗೆ ಕಳಿಸಲಿಲ್ಲ. ನಮ್ಮ ಹಲ್ಲು ಕಂದಾದದ್ದು ಬಂಡೆಯಿಂದ ಮಾತ್ರ ಅಲ್ಲ, ಆ ಒಂದು ಬಾಟಲಿಯಿಂದ. ಈಗ ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ. ಕಾಸು ಹಾಕಿದರೆ ನೀರು ಬರುತ್ತದೆ. ಹುಟ್ಟುವ ಮಕ್ಕಳಿಗೆ ಅದು ಒಳ್ಳೆಯದು. ಆದರೆ ಬಂದ ಹಲ್ಲು ಬಂದ ಹಲ್ಲೇ.

ತಂಗಿ ಕತೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಂಗಾದ್ರೆ ಕೆಮಿಸ್ಟ್ರಿನೂ ಗಟ್ಟಿಯಾಗಿ ಓದ್ಬೇಕು" ಅಂದಳು. "ಹಲ್ಲು ಸರಿಮಾಡೋದು ಒಂದು ಕೆಲ್ಸ, ನೀರು ಸರಿಮಾಡೋದು ಇನ್ನೊಂದು ಕೆಲ್ಸ. ಡೆಂಟಲ್ಲು ಸಿಕ್ರೆ ಹಲ್ಲು. ಸಿಗದಿದ್ರೆ ಬಿ.ಎಸ್ಸಿ. ಕೆಮಿಸ್ಟ್ರಿ, ನೀರು." ನಾನು ಬರೆದ ಪೇಪರಿನ ಕೆಳಗೆ ಅವಳೇ ಅದನ್ನು ಬರೆದಳು. ಅಮೆರಿಕದ ಹುಡುಗರಿಗೆ ತಿಳಿದವರು ಹೇಳುವ ಎರಡು ಮಾತನ್ನು ನಮ್ಮ ಕೇರಿಯ ಹುಡುಗಿ ಯಾರೂ ಹೇಳದೆ ತಾನೇ ಕಂಡುಕೊಂಡಿದ್ದಳು.

ಗಣಿತ ಬಿಡಲಾ ಅಂತ ಕೇಳಿದಳು. ನೀಟ್‌ಗೆ ಬೇಡ, ನಿಜ. ಆದರೆ ಗಣಿತ ಇದ್ದರೆ ಇನ್ನೂ ನಾಲ್ಕು ಬಾಗಿಲು ತೆರೆದಿರುತ್ತವೆ, ಇಟ್ಟುಕೋ ಅಂದೆ. ಹಾಗೆ ನೋಡಿದರೆ ಬಿಡುವ ಸ್ವಾತಂತ್ರ್ಯವೂ ಇರಲಿಲ್ಲ. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಕಾಲೇಜಿನಲ್ಲಿ ಜೀವಶಾಸ್ತ್ರ ಇರುವುದು ಪಿಸಿಎಂಬಿ ಒಂದರಲ್ಲೇ. ಆಯ್ಕೆ ಆಯ್ಕೆ ಅನ್ನುತ್ತೇವೆ. ಹಳ್ಳಿಯ ಹುಡುಗಿಗೆ ಆಯ್ಕೆ ಅಂದರೆ ಬಸ್ಸು ಎಲ್ಲಿತನಕ ಹೋಗುತ್ತದೋ ಅಲ್ಲಿತನಕ.

ಅಪ್ಪ ಒಂದೇ ಪ್ರಶ್ನೆ ಕೇಳಿದ: "ಎಷ್ಟಾಗ್ತದಪ್ಪ?" ಸರ್ಕಾರಿ ಸೀಟಾದರೆ ಹೇಗೋ ನಿಭಾಯಿಸಬಹುದು, ಮ್ಯಾನೇಜ್‌ಮೆಂಟ್ ಸೀಟು ನಮ್ಮದಲ್ಲ ಅಂದೆ. ಸರ್ಕಾರಿ ದಂತ ಕಾಲೇಜುಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು, ಉಳಿದವೆಲ್ಲ ಖಾಸಗಿ. ಓದಿದ ಮೇಲೂ ಕುರ್ಚಿ, ಯಂತ್ರ, ಬಾಡಿಗೆ ಅಂತ ಲಕ್ಷಗಟ್ಟಲೆ ಬೇಕು. ಬಿ.ಡಿ.ಎಸ್. ಮಾಡಿ ಯಾರದೋ ಕ್ಲಿನಿಕ್ಕಿನಲ್ಲಿ ಕೂಲಿಯ ಹಾಗೆ ದುಡಿಯುವವರೂ ಇದ್ದಾರೆ. ಇದನ್ನೂ ಮುಚ್ಚಿಡದೆ ಹೇಳಿದೆ. ಅಮ್ಮ ಒಲೆಯ ಮುಂದಿನಿಂದ ತೆಲುಗಿನಲ್ಲಿ ಅಂದಳು, ಅದನ್ನು ಕನ್ನಡದಲ್ಲಿ ಬರೆದರೆ ಹೀಗೆ: "ದುಡ್ಡಿನ ಲೆಕ್ಕ ನೀವು ಹಾಕ್ಕಳಿ. ಮಗ ಕುರ್ಚಿಲಿ ಕೂರ್ಸಿ ನೋಡ್ತಾಳೋ ಇಲ್ವೋ, ಅದನ್ನ ಹೇಳಿ ನಂಗೆ." ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಪ್ರೀತಿಯಿಂದ ಮಗ ಅನ್ನುತ್ತಾರೆ.

*

ಜೂನಿನಲ್ಲಿ ಅರ್ಜಿ ಕೊಡಲು ಅವಳ ಜೊತೆ ನಾನೂ ಹೋದೆ. ಕಿಟಕಿಯ ಆಚೆಯಿಂದ ಅದೇ ಪ್ರಶ್ನೆ ಬಂತು, "ಯಾವ ಕಾಂಬಿನೇಷನ್ನು?" ನಾನು ಬಾಯಿ ತೆರೆಯುವ ಮೊದಲೇ ಅವಳು "ಪಿಸಿಎಂಬಿ ಸಾರ್" ಅಂದಳು. ಆಚೆಯ ಮನುಷ್ಯ ತಲೆಯೆತ್ತಿ ನೋಡಿ "ಕಷ್ಟ ಆಗ್ತದಮ್ಮ" ಅಂದ. "ಗೊತ್ತು ಸಾರ್" ಅಂದಳು. ಹನ್ನೊಂದು ವರ್ಷದ ಹಿಂದೆ ನನಗೆ ಹೊಳೆಯದೇ ಇದ್ದ ಉತ್ತರ ಅದು. ಅದರಲ್ಲಿ ರೋಷ ಇರಲಿಲ್ಲ.

ಮೊದಲ ಕಿರುಪರೀಕ್ಷೆಯಲ್ಲಿ ಜೀವಶಾಸ್ತ್ರಕ್ಕೆ ಒಳ್ಳೆ ಅಂಕ ಬಂತು, ಫಿಸಿಕ್ಸಿಗೆ ಪಾಸು ಮಾತ್ರ. ರಾತ್ರಿ ನನ್ನ ಹಳೆ ನೋಟ್‌ಬುಕ್ಕು ತೆಗೆದೆವು. ಪ್ರತಿ ಇಂಗ್ಲಿಷ್ ಪದದ ಎದುರಿಗೆ ಕನ್ನಡ ಪದ ಬರೆಯುತ್ತಾ ಒಂದು ಪಟ್ಟಿ ಮಾಡುತ್ತಿದ್ದೇವೆ. ಆಕ್ಸಿಲರೇಷನ್ನಿನ ಎದುರಿಗೆ ವೇಗೋತ್ಕರ್ಷ, ಇನಾರ್ಷಿಯಾದ ಎದುರಿಗೆ ಜಡತ್ವ. ಈ ಪಟ್ಟಿ ಇನ್ನೂರು ಪದ ದಾಟಿದೆ. ಪಕ್ಕದ ಕೇರಿಯ ಇಬ್ಬರು ಹುಡುಗರು ಬಂದು ಬರೆದುಕೊಂಡು ಹೋದರು. ನಾನು ಬರೆದ ಪದ್ಯಗಳ ಪುಸ್ತಕವನ್ನು ಇಷ್ಟು ಜನ ಮನೆಗೆ ಬಂದು ಕೇಳಿಲ್ಲ.

ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಶಾಲೆಯಿಂದ ಈ ವರ್ಷವೂ ಒಂದಷ್ಟು ಮಕ್ಕಳು ಹತ್ತನೇ ತರಗತಿ ಮುಗಿಸುತ್ತವೆ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಕ್ಕಳು ನಿಮ್ಮನ್ನೇ ಕೇಳುತ್ತವೆ. ಸಾಕು ಅನ್ನಬೇಡಿ, ಕಷ್ಟ ಅಂತ ಅಷ್ಟಕ್ಕೇ ನಿಲ್ಲಿಸಬೇಡಿ. ಒಂದು ಪೇಪರು ತಗೊಂಡು ಕೂತು ದಾರಿ ಎಷ್ಟು ಉದ್ದ, ಎಲ್ಲಿ ಏರು, ಎಲ್ಲಿ ಕವಲು ಅಂತ ಬರೆದು ತೋರಿಸಿ. ಜೊತೆಗೆ ನಿಮ್ಮೂರಿನ ಬೋರಿನ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿ.

ನನ್ನ ತಂಗಿಗೆ ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಕ್ಕರೆ ಇದೇ ಪತ್ರಿಕೆಗೆ ಬರೆಯುತ್ತೇನೆ. ಸಿಗದಿದ್ದರೂ ಬರೆಯುತ್ತೇನೆ. ಮೊನ್ನೆ ಪಟ್ಟಿ ಬರೆಯುವಾಗ ನಾನು ಜಡತ್ವಕ್ಕೆ ನಮ್ಮ ಅಪ್ಪನ ಉದಾಹರಣೆ ಕೊಟ್ಟೆ, ಭಾನುವಾರ ಮಂಚದಿಂದ ಏಳದೇ ಇರುವುದು ಅಂತ. ಅವಳು ನಕ್ಕಳು. ಕೈ ಅಡ್ಡ ಹಿಡಿಯುವುದನ್ನು ಮರೆತಿದ್ದಳು.